ತೋಟದ ಮನೆಯೋ, ಊರೊಳಗಿನ ಮನೆಯೋ, ಪೇಟೆ ಬಾಡಿಗೆಯೋ: ನಮ್ಮ ಕಡೆ ನೆಮ್ಮದಿಗೆ ಜಾಗ ಹುಡುಕುವವರಿಗೆ

ವಾರಕ್ಕೊಂದು ಫೋನಾದರೂ ಬರುತ್ತದೆ. ಬೆಂಗಳೂರಿನಲ್ಲಿ ಜೊತೆಗೆ ಕೆಲಸ ಮಾಡಿದವರು, ನೆಂಟರ ನೆಂಟರು, ಮಗನ ಹಳೇ ಸ್ಕೂಲಿನ ತಾಯಂದಿರು. ಮಾತು ಶುರುವಾಗುವುದು ಹೆಚ್ಚುಕಮ್ಮಿ ಒಂದೇ ತರ. "ಅಕ್ಕ, ನಿಮ್ಮ ಕಡೆ ಒಂದೆಕರೆ ಸಿಗುತ್ತಾ? ಸಾಕಾಗಿಹೋಗಿದೆ. ಕೆಲಸ ಇವತ್ತು ಇದೆ, ನಾಳೆ ಇರುತ್ತೋ ಇಲ್ವೋ ಗೊತ್ತಿಲ್ಲ. ಪೇಪರ್ ತೆಗೆದರೆ ಯುದ್ಧ. ಎಲ್ಲಾದರೂ ಒಂದು ಸಣ್ಣ ಮನೆ ಕಟ್ಟಿಕೊಂಡು ಸುಮ್ನೆ ಇದ್ದುಬಿಡೋಣ ಅನ್ನಿಸುತ್ತೆ."

ಈ ಆಸೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ನಮ್ಮದೂ ಇದೇ ಆಸೆಯಾಗಿತ್ತು. 2017ರಲ್ಲಿ ಪೀಣ್ಯದ ಕಡೆಯ ಬಾಡಿಗೆ ಮನೆ ಖಾಲಿ ಮಾಡಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿಗೆ, ಯಜಮಾನರ ಊರಿಗೆ ಬಂದೆವು. ಯಜಮಾನರು, ನಾನು, ಐದನೇ ಕ್ಲಾಸಿನ ಮಗ, ಅತ್ತೆ. ಮಾವ ತೀರಿಕೊಂಡ ಮೇಲೆ ಅತ್ತೆ ಬೆಂಗಳೂರಿನಲ್ಲಿ ನಮ್ಮ ಜೊತೆಗೇ ಇದ್ದರು. ಊರಿನ ಹಳೇ ಮನೆಯ ಜಂತಿಗೆ ಗೆದ್ದಲು ಹಿಡಿದು ಒಂದು ಕಡೆ ಕುಸಿದಿತ್ತು. ಹಾಗಾಗಿ ಮೊದಲ ವರ್ಷ ಗುಬ್ಬಿ ಪೇಟೆಯಲ್ಲಿ ಬಾಡಿಗೆಗೆ ಇದ್ದೆವು. ಆಮೇಲೆ ಮೂರು ವರ್ಷ ತೋಟದಲ್ಲೇ ಮನೆ ಕಟ್ಟಿಕೊಂಡು ಇದ್ದೆವು. 2021ರ ಕೊನೆಯಿಂದ ಹಳೇ ಮನೆಯನ್ನೇ ಎಬ್ಬಿಸಿಕೊಂಡು ಊರೊಳಗೆ ಇದ್ದೇವೆ. ಮೂರು ತರದ ಮನೆಯಲ್ಲೂ ಬಾಳಿ ನೋಡಿದ್ದೇವೆ ಅನ್ನುವ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ. ನನ್ನ ಒಲವು ಯಾವ ಕಡೆಗೆ ಅಂತ ಮುಚ್ಚಿಡುವುದಿಲ್ಲ. ಕೈಲಾದರೆ ಊರೊಳಗೆ ಇರಿ.

ಮೊದಲು ನೀರು, ಆಮೇಲೆ ನೋಟ

ಮನೆ ಯಾವುದು ಅನ್ನುವ ಮೊದಲು ಸೀಮೆ ಯಾವುದು ಅಂತ ನೋಡಬೇಕು. ನಮ್ಮ ಕಡೆ ಅಂದರೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳು. ಬೆಂಗಳೂರಿನಿಂದ ಈ ಮೂರು ಜಿಲ್ಲಾ ಕೇಂದ್ರಗಳೂ ಹತ್ತಿರ ಹತ್ತಿರ ಒಂದೇ ದೂರ. ಚಿಕ್ಕಬಳ್ಳಾಪುರ ಸುಮಾರು 60 ಕಿಲೋಮೀಟರ್, ಕೋಲಾರ, ತುಮಕೂರು 70ರ ಆಸುಪಾಸು. ಆದರೆ ನೀರಿನ ಕತೆ ಮೂರಕ್ಕೂ ಬೇರೆ ಬೇರೆ.

ತುಮಕೂರು ಜಿಲ್ಲೆಯಲ್ಲಿ ಹತ್ತು ತಾಲ್ಲೂಕುಗಳಿವೆ. ಇವನ್ನೆಲ್ಲ ಒಂದೇ ಅಂದುಕೊಂಡರೆ ಮೋಸ ಹೋಗುತ್ತೀರಿ. ಗುಬ್ಬಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೆಂಗಿನ ಸೀಮೆ. ಕಲ್ಪತರು ನಾಡು ಅಂತ ಹೆಸರು ಬಂದದ್ದು ಇದರಿಂದಲೇ. ಗೊರೂರು ಅಣೆಕಟ್ಟಿನಿಂದ ಹೇಮಾವತಿ ನೀರು ನಾಲೆಯಲ್ಲಿ ಬರುತ್ತದೆ. ಬಂದ ವರ್ಷ ಕೆರೆ ತುಂಬುತ್ತದೆ, ಕೆರೆ ತುಂಬಿದರೆ ಸುತ್ತಲಿನ ಬೋರುಗಳೂ ಉಸಿರಾಡುತ್ತವೆ. ನಾಲೆ ಹಾದುಹೋಗುವ ಕೆರೆ ಯಾವುದು, ಹೋಗದ ಕೆರೆ ಯಾವುದು ಅಂತ ಊರವರನ್ನು ಕೇಳಿದರೆ ಬಾಯಲ್ಲೇ ಹೇಳುತ್ತಾರೆ. ಎರಡು ಊರುಗಳ ನಡುವೆ ಮೂರೇ ಕಿಲೋಮೀಟರ್ ಇದ್ದರೂ ಒಂದರಲ್ಲಿ ಬೋರು 300 ಅಡಿಗೆ ನೀರು ಕೊಡುತ್ತದೆ, ಇನ್ನೊಂದರಲ್ಲಿ 900 ಅಡಿ ಕೊರೆದರೂ ಧೂಳು.

ಉತ್ತರಕ್ಕೆ ಮಧುಗಿರಿ, ಪಾವಗಡದ ಕಡೆ ಹೋದರೆ ನೆಲವೂ ಬೇರೆ, ಬೆಳಕೂ ಬೇರೆ. ದೊಡ್ಡ ದೊಡ್ಡ ಬಂಡೆ, ಕೆಂಪು ಮಣ್ಣು, ಕಡಲೆಕಾಯಿ ಹೊಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹತ್ತಿರ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳ ಹಿಂಡು ಓಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಮರೆಯೋಕಾಗಲ್ಲ. ಜಮೀನಿನ ಬೆಲೆಯೂ ಕಡಿಮೆ. ಆದರೆ ಅಲ್ಲಿನ ಬೋರಿನ ನೀರಿನಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಇದೆ, ಮಳೆ ನಂಬುವ ಹಾಗಿಲ್ಲ. ಪಾವಗಡದಲ್ಲಿ ರೈತರು 13,000 ಎಕರೆಯಷ್ಟು ಭೂಮಿಯನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆಗೆ ಕೊಟ್ಟರು. ಅಷ್ಟು ಜನ ಒಟ್ಟಿಗೆ ನೇಗಿಲು ಕೆಳಗಿಟ್ಟರು ಅಂದರೆ ಅಲ್ಲಿ ಬೇಸಾಯ ಎಷ್ಟು ಕಷ್ಟ ಅಂತ ನೀವೇ ಲೆಕ್ಕ ಹಾಕಿ. ತಿಂಗಳ ಸಂಬಳ ಅಥವಾ ಪಿಂಚಣಿ ಬರುವವರಿಗೆ ಆ ಸೀಮೆ ಆದೀತು. ನೆಲ ನಂಬಿ ಬದುಕುತ್ತೇವೆ ಅನ್ನುವ ಹೊಸಬರಿಗೆ ಬೇಡ.

ಕೋಲಾರಕ್ಕೆ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಹಿಂದಿನವರು ಕೆರೆ ಕಟ್ಟಿ ಬದುಕಿದರು. ಆಮೇಲೆ ಬೋರಿನ ಕಾಲ ಬಂತು, ಸಾವಿರ ಅಡಿ ದಾಟಿತು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಅದು ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಬಿಡುವ ನೀರು. ಕೆರೆಗಳು ತುಂಬಿದವು, ಒಣಗಿದ ಬೋರುಗಳಲ್ಲಿ ಮತ್ತೆ ನೀರು ಬಂತು. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಅಲ್ಲಿನ ಜನ ಕೇಳುತ್ತಲೇ ಇದ್ದಾರೆ, ಕೇಳುವುದು ನ್ಯಾಯ ಕೂಡ. ಆ ಕೆರೆಗಳ ಹತ್ತಿರ ಮನೆ ಮಾಡುವವರು ಕುಡಿಯೋಕೆ ಬೋರಿನ ನೀರು ಬಳಸುವ ಮೊದಲು ಪರೀಕ್ಷೆ ಮಾಡಿಸಲೇಬೇಕು. ಇಷ್ಟಾದರೂ ಕೋಲಾರದವರ ಬಗ್ಗೆ ನನಗೆ ಒಂದು ಗೌರವ ಇದೆ. ಒಂದು ಗುಂಟೆಯನ್ನೂ ಸುಮ್ನೆ ಬಿಡುವುದಿಲ್ಲ. ಟೊಮೆಟೊ, ಸೊಪ್ಪು, ಹಿಪ್ಪುನೇರಳೆ, ಹಸು. ಶ್ರೀನಿವಾಸಪುರದ ಮಾವಿನ ತೋಪುಗಳ ನಡುವೆ ಹೂ ಬಿಡುವ ಕಾಲಕ್ಕೆ ನಡೆದು ನೋಡಿ, ಅಲ್ಲೇ ಇದ್ದುಬಿಡೋಣ ಅನ್ನಿಸುತ್ತದೆ.

ಚಿಕ್ಕಬಳ್ಳಾಪುರ 2007ರಲ್ಲಿ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾಯಿತು. ಮರು ವರ್ಷ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ನಂದಿ ಬೆಟ್ಟದ ಬುಡದ ಊರುಗಳು ತುಂಬಾ ಚೆಂದ, ಆದರೆ ಅಲ್ಲಿನ ಬೆಲೆ ಕೇಳಿದರೆ ಮಧ್ಯಮ ವರ್ಗದವರು ವಾಪಸ್ ಬರಬೇಕು. ಶನಿವಾರ, ಭಾನುವಾರ ಬೆಳಗಿನ ಜಾವವೇ ಗಾಡಿಗಳ ಸಾಲು. ನೆಮ್ಮದಿ ಬೇಕಾದರೆ ಇನ್ನೂ ಮುಂದಕ್ಕೆ ಹೋಗಿ ಗೌರಿಬಿದನೂರು, ಬಾಗೇಪಲ್ಲಿ, ಚಿಂತಾಮಣಿ ಕಡೆ ನೋಡಿ. ಅಲ್ಲಿ ಮನೆ ಮಾತು ಎಷ್ಟೋ ಕಡೆ ತೆಲುಗು, ಬೀದಿ ಮಾತು ಕನ್ನಡ. ಎರಡೂ ಬಂದರೆ ಊರು ಬೇಗ ಒಳಗೆ ಸೇರಿಸಿಕೊಳ್ಳುತ್ತದೆ. ಕಲ್ಲು ಕ್ವಾರಿ, ಕ್ರಷರ್ ಎಷ್ಟು ದೂರ ಅಂತ ಮಾತ್ರ ತಪ್ಪದೆ ಕೇಳಿ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿ ಬಳಿ ಕ್ವಾರಿಯಲ್ಲಿ ಬಂಡೆ ಒಡೆಯೋಕೆ ಬಳಸುವ ಜಿಲೆಟಿನ್ ಸಿಡಿದು ಆರು ಜನ ಸತ್ತದ್ದು ನೆನಪಿರಬೇಕಲ್ವಾ.

"ಮುಂದೆ ಎತ್ತಿನಹೊಳೆ ನೀರು ಬರುತ್ತೆ, ಈಗಲೇ ತಗೊಳ್ಳಿ" ಅಂತ ಮೂರು ಜಿಲ್ಲೆಯಲ್ಲೂ ಬ್ರೋಕರ್‌ಗಳು ಹೇಳುತ್ತಾರೆ. ಪಶ್ಚಿಮ ಘಟ್ಟದ ಹಳ್ಳಗಳ ನೀರನ್ನು ಈ ಕಡೆ ತರುವ ಆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ಸಿಕ್ಕಿದ್ದು ನಿಜ. ಆದರೆ ಅದು ಕುಡಿಯುವ ನೀರಿಗೆ, ಕೆರೆಗೆ ಅಂತ ಮಾಡಿದ್ದು. ನಿಮ್ಮ ತೋಟದ ಹನಿ ನೀರಾವರಿ ಪೈಪಿಗೆ ಅದು ಬರುತ್ತದೆ ಅಂತ ಲೆಕ್ಕ ಹಾಕಿ ದುಡ್ಡು ಕೊಡಬೇಡಿ.

ಮೂರರಲ್ಲಿ ಯಾವುದು ಅಂತ ಕೇಳಿದರೆ ನನ್ನ ಉತ್ತರ ಇಷ್ಟೇ. ನಿಮ್ಮನ್ನು ಹೆಸರು ಹಿಡಿದು ಕರೆಯುವವರು ಒಬ್ಬರಾದರೂ ಇರುವ ತಾಲ್ಲೂಕಿಗೆ ಹೋಗಿ. ಅಮ್ಮನ ತವರಾಗಲಿ, ಸೋದರತ್ತೆ ಕೊಟ್ಟ ಊರಾಗಲಿ, ಜೊತೆಯಲ್ಲಿ ಓದಿದವರ ಊರಾಗಲಿ. ನೀರಿನ ಲೆಕ್ಕ ಆ ತಾಲ್ಲೂಕಿನೊಳಗೆ ಹಾಕಿ.

ತೋಟದ ಮನೆ

ಎಲ್ಲರ ಮನಸ್ಸಿನಲ್ಲಿರುವುದು ಇದೇ. ಸುತ್ತ ತೆಂಗು, ಅಡಿಕೆ, ನಡುವೆ ಹೆಂಚಿನ ಮನೆ. ಅದರಲ್ಲಿ ಸುಳ್ಳೇನೂ ಇಲ್ಲ. ನಾವು ಬಾಗಿಲು ತೆಗೆದರೆ ಬದುವಿನ ಮೇಲೆ ನವಿಲು ಇರುತ್ತಿತ್ತು. ಮಳೆ ಬಂದ ರಾತ್ರಿ ಗರಿಗಳ ಮೇಲೆ ಹನಿ ಬೀಳುವ ಸದ್ದು ಕೇಳುತ್ತಾ ಮಲಗಿದರೆ ಬೆಳಗಾದದ್ದೇ ತಿಳಿಯುತ್ತಿರಲಿಲ್ಲ. ಅಂಥ ನಿದ್ದೆ ನನಗೆ ಬೆಂಗಳೂರಿನ 14 ವರ್ಷದಲ್ಲಿ ಬಂದಿರಲಿಲ್ಲ.

ಮೊದಲೇ ಯಾರೂ ಹೇಳದ ವಿಷಯ ಕರೆಂಟಿನದು. ಊರೊಳಗಿನ ಮನೆಗಳಿಗೆ ನಿರಂತರ ಜ್ಯೋತಿ ಅನ್ನುವ ಬೇರೆ ಲೈನಿನಲ್ಲಿ ಇಡೀ ದಿನ ಕರೆಂಟು ಇರುತ್ತದೆ. ತೋಟಕ್ಕೆ ಬರುವುದು ಪಂಪ್‌ಸೆಟ್ ಲೈನು. ಮೋಟ್ರು ಓಡಿಸುವ ತ್ರೀ ಫೇಸ್ ದಿನಕ್ಕೆ ಏಳು ಗಂಟೆ, ಅದೂ ಪಾಳಿಯ ಮೇಲೆ, ಅರ್ಧ ಹಗಲು ಅರ್ಧ ರಾತ್ರಿ. ಉಳಿದ ಹೊತ್ತಿಗೆ ಮನೆ ದೀಪಕ್ಕಾಗುವ ಸಿಂಗಲ್ ಫೇಸ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುತ್ತೇವೆ ಅನ್ನುವವರು ಮೊದಲು ಕಂಬ ಎಲ್ಲಿಂದ ಬರುತ್ತದೆ ಅಂತ ನೋಡಬೇಕು. ಸೋಲಾರ್ ಹಾಕಿಸಿದರೆ ಆಗುತ್ತದೆ, ಆದರೆ ಆ ಖರ್ಚನ್ನು ಮನೆ ಕಟ್ಟುವ ಖರ್ಚಿನಲ್ಲೇ ಸೇರಿಸಿ.

ಕುಡಿಯುವ ನೀರಿಗೂ ಊರಿಗೇ ಹೋಗಬೇಕು. ಶುದ್ಧ ನೀರಿನ ಘಟಕದಲ್ಲಿ ಆಗ ಐದು ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತಿತ್ತು. ದಿನ ಬಿಟ್ಟು ದಿನ ಎರಡು ಕ್ಯಾನ್ ಟಿವಿಎಸ್ ಮೇಲೆ ಇಟ್ಟುಕೊಂಡು ಆ ಗುಂಡಿ ದಾರಿಯಲ್ಲಿ ತರುವುದು ನನ್ನ ಕೆಲಸವಾಗಿತ್ತು. ರಾತ್ರಿ ಹೊತ್ತು ಚಿರತೆ ಭಯ. 2019ರ ಕೊನೆಯಿಂದ 2020ರ ಶುರುವಿನವರೆಗೆ ನಮ್ಮ ಜಿಲ್ಲೆಯಲ್ಲಿ ಚಿರತೆ ಬಾಯಿಗೆ ಜನ ಸಿಕ್ಕಿ ಸತ್ತರು, ಮಕ್ಕಳೂ ಸೇರಿ. ಆ ತಿಂಗಳುಗಳಲ್ಲಿ ಸಂಜೆ ಆರಕ್ಕೇ ಮಗನನ್ನು ಒಳಗೆ ಕರೆದು ಚಿಲಕ ಹಾಕುತ್ತಿದ್ದೆವು.

ಇದೆಲ್ಲ ಸಹಿಸಬಹುದು, ನಾವೂ ಸಹಿಸಿದೆವು. ನನ್ನನ್ನು ಕಾಡಿದ್ದು ಅತ್ತೆಯ ಮೌನ.

ಅತ್ತೆಗೆ ಮಂಡಿನೋವು. ಊರು ಒಂದೂವರೆ ಕಿಲೋಮೀಟರ್, ನಡೆಯೋಕೆ ಆಗುವುದಿಲ್ಲ. ಯಜಮಾನರು ಮೋಟ್ರು, ಗೊಬ್ಬರ ಅಂತ ತೋಟದಲ್ಲಿ. ನಾನು ಹಸು, ಅಡುಗೆ, ಡೈರಿ. ಮಗ ಸ್ಕೂಲಿನಲ್ಲಿ. ಅತ್ತೆಯ ಜೊತೆ ಮಾತಾಡೋಕೆ ಯಾರೂ ಇಲ್ಲ. ಬೆಳಗ್ಗೆ ಟಿವಿ ಹಾಕಿಕೊಂಡು ಕೂತರೆ ರಾತ್ರಿವರೆಗೆ ನ್ಯೂಸ್. ಕರೆಂಟು ಹೋದರೆ ಫೋನಿನಲ್ಲಿ. 2020ರಲ್ಲಿ ಲಾಕ್‌ಡೌನ್ ಬಂತಲ್ಲ, ಆಗಂತೂ ನಾನು ಒಳಗೆ ಕಾಲಿಟ್ಟ ತಕ್ಷಣ ಮೊದಲ ಮಾತು, "ಇವತ್ತು ಎಷ್ಟಂತೆ ಕಣಮ್ಮ?" ಎಷ್ಟು ಜನಕ್ಕೆ ಬಂತು, ಎಷ್ಟು ಜನ ಹೋದರು. ಟೀ ಕುಡಿದೆಯಾ ಅಂತಲೂ ಅಲ್ಲ, ಹಸು ಎಷ್ಟು ಕರೆಯಿತು ಅಂತಲೂ ಅಲ್ಲ. ಸುತ್ತ ಒಂದು ಕಿಲೋಮೀಟರ್ ಇನ್ನೊಂದು ಮನೆ ಇಲ್ಲದ ಜಾಗದಲ್ಲಿ ಕೂತು ಅತ್ತೆ ಇಡೀ ದೇಶದ ಭಯವನ್ನು ಒಬ್ಬರೇ ಹೊತ್ತರು. ಅನ್ನ ಕಡಿಮೆಯಾಯಿತು. ರಾತ್ರಿ ಎದ್ದೆದ್ದು ಮೊಮ್ಮಗನ ಹಣೆ ಮುಟ್ಟಿ ನೋಡುತ್ತಿದ್ದರು.

ಅವರನ್ನು ಯಾಕೆ ಹೇಳಲಿ, ನನಗೂ ಹಾಗೇ ಆಯಿತು. ಕೈಯಿಂದ ಫೋನ್ ಇಳಿಯುತ್ತಿರಲಿಲ್ಲ. ಸದ್ದಿಲ್ಲದ ಜಾಗಕ್ಕೆ ಹೋದರೆ ಲೋಕದ ಗದ್ದಲ ಕೇಳಿಸುವುದಿಲ್ಲ ಅಂದುಕೊಂಡೇ ನಾವು ಅಲ್ಲಿಗೆ ಹೋಗಿದ್ದು. ಅಲ್ಲಿ ಅದು ಇನ್ನೂ ಜೋರಾಗಿ ಕೇಳಿಸಿತು, ಯಾಕಂದರೆ ನಡುವೆ ಬೇರೆ ಯಾವ ಮಾತೂ ಇರಲಿಲ್ಲ.

ಹಾಗಂತ ತೋಟದ ಮನೆ ಯಾರಿಗೂ ಬೇಡ ಅಂತ ನಾನು ಹೇಳುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಗಟ್ಟಿಯಾಗಿದ್ದು, ಇಬ್ಬರಿಗೂ ಬೆಳಗಿನಿಂದ ಸಂಜೆವರೆಗೆ ಮಣ್ಣಿನ ಕೆಲಸ ಇದ್ದರೆ ಅದರಂಥ ಜಾಗ ಇಲ್ಲ. ಅಕ್ಕಪಕ್ಕದ ತೋಟಗಳಲ್ಲೂ ನಾಲ್ಕಾರು ಮನೆ ಇದ್ದರೆ ಇನ್ನೂ ಒಳ್ಳೆಯದು. ಕೋಲಾರ, ಚಿಕ್ಕಬಳ್ಳಾಪುರದ ತರಕಾರಿ ಸೀಮೆಯಲ್ಲಿ ಹೀಗೆ ಹೊಲದಲ್ಲೇ ಮನೆ ಮಾಡಿಕೊಂಡವರು ಕೂಗಳತೆಯಲ್ಲಿ ಸಿಗುತ್ತಾರೆ. ಕೂಗಿದರೆ ಓಗೊಡುವವರು ಇದ್ದಾರಾ ಅನ್ನುವುದನ್ನು ಜಾಗ ನೋಡೋಕೆ ಹೋದಾಗಲೇ ನಿಂತು ಕೂಗಿ ನೋಡಿ. ನಾನು ನಿಜವಾಗಿಯೇ ಹೇಳುತ್ತಿದ್ದೇನೆ.

ಊರೊಳಗಿನ ಮನೆ

2021ರ ನವೆಂಬರ್ ಮಳೆಗೆ ಎಷ್ಟೋ ವರ್ಷ ಬತ್ತಿದ್ದ ಕೆರೆಗಳು ಕೋಡಿ ಬಿದ್ದವು. ಜನ ಬಾಗಿನ ಬಿಟ್ಟರು. ನಮ್ಮ ತೋಟದ ದಾರಿ ಮಾತ್ರ ಒಂದು ವಾರ ಕೆಸರು. ಅತ್ತೆಯ ಬಿಪಿ ಮಾತ್ರೆ ಮುಗಿದು ಯಜಮಾನರು ಮಂಡಿಯವರೆಗೆ ಹೂತುಕೊಂಡು ಹೋಗಿ ತಂದರು. ಆ ವಾರವೇ ತೀರ್ಮಾನ ಮಾಡಿದೆವು. ಹಳೇ ಮನೆಯ ಜಂತಿ ಬದಲಿಸಿ, ಹೆಂಚು ಕೈಯಾಡಿಸಿ, ಹಿಂದೆ ಒಂದು ಬಚ್ಚಲು ಕಟ್ಟಿಸಿ ಒಳಗೆ ಬಂದೆವು. ಜಗಲಿಯನ್ನು ಮಾತ್ರ ಮುಟ್ಟಬೇಡಿ ಅಂತ ಅತ್ತೆ ಹಟ ಹಿಡಿದರು.

ಯಾಕೆ ಅಂತ ಜನವರಿಯಲ್ಲಿ ಗೊತ್ತಾಯಿತು. ಸೊಗಡು ಅವರೆಯ ಕಾಲ. ರಾತ್ರಿ ನೆನೆಸಿದ ಕಾಳನ್ನು ಬೆಳಗ್ಗೆ ಬೇಸಿನ್ ಸಮೇತ ಜಗಲಿಗೆ ತರಿಸಿಕೊಂಡರು. ಎದುರು ಮನೆಯ ಅಜ್ಜಿ ಬಂದರು, ಹಿಂದಿನ ಬೀದಿಯ ಅಕ್ಕ ಮೊರ ಹಿಡಿದು ಬಂದರು. ಹೆಬ್ಬೆರಳು, ತೋರುಬೆರಳ ನಡುವೆ ಕಾಳು ಹಿಡಿದು ಒಂದು ಸಲ ಒತ್ತಿದರೆ ಬೇಳೆ ಚಂಗನೆ ಹಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಮೂವರೂ ಕಾಳನ್ನು ನೋಡುತ್ತಲೇ ಇರಲಿಲ್ಲ. ಕೈ ತನ್ನ ಪಾಡಿಗೆ ಹಿತುಕುತ್ತಿತ್ತು, ಬಾಯಿ ತನ್ನ ಪಾಡಿಗೆ. ಯಾರ ಹಸು ಹೆಣ್ಣು ಕರು ಹಾಕಿತು, ಯಾರ ಬೋರು ಫೇಲ್ ಆಯಿತು, ಯಾರ ಸೊಸೆ ತವರಿಗೆ ಹೋದವಳು ಇನ್ನೂ ಬಂದಿಲ್ಲ. ಎರಡು ಸೇರು ಕಾಳು ಮುಗಿಯುವ ಹೊತ್ತಿಗೆ ಬಿಸಿಲು ಜಗಲಿ ಏರಿತ್ತು. ಅತ್ತೆ ಒಳಗೆ ಬಂದು, "ಮುದ್ದೆ ಒಂದು ಜಾಸ್ತಿ ಮಾಡಮ್ಮ, ಹಸಿವು" ಅಂದರು. ನಾನು ಒಲೆ ಮುಂದೆ ಕೂತು ಅತ್ತುಬಿಟ್ಟೆ.

ಟಿವಿ ಈಗಲೂ ಇದೆ. ಸಂಜೆ ಧಾರಾವಾಹಿ ನೋಡುತ್ತಾರೆ. ನ್ಯೂಸ್ ಹಾಕುವುದನ್ನು ಯಾವಾಗ ನಿಲ್ಲಿಸಿದರೋ ನನಗೂ ನೆನಪಿಲ್ಲ.

ಇನ್ನೊಂದು ಚಿಕ್ಕ ವಿಷಯ. ಬೆಳಗ್ಗೆ ಆರಕ್ಕೆ ಡೈರಿ ಮುಂದೆ ಕ್ಯಾನ್ ಹಿಡಿದು ನಿಂತಿರುತ್ತೇವೆ. ಒಂದು ದಿನ ಯಾರೋ, "ಗೌಡರ ಮನೆ ಅಜ್ಜಿ ಇನ್ನೂ ಬಾಗಿಲಿಗೆ ನೀರು ಹಾಕಿಲ್ಲವಲ್ಲ" ಅಂದರು. ಇಬ್ಬರು ಹಾಲು ಹಾಕುವುದನ್ನು ಬಿಟ್ಟು ಹೋದರು. ಅಜ್ಜಿಗೆ ಜ್ವರ, ಏಳೋಕಾಗದೆ ಮಲಗಿದ್ದರು. ಬಾಗಿಲಿಗೆ ನೀರು ಬಿದ್ದಿಲ್ಲ ಅಂತ ಗಮನಿಸುವ ಜನ ಇರುವುದು ಎಂಥಾ ಧೈರ್ಯ ಅಂತ ವಯಸ್ಸಾದ ಮೇಲೆ ತಿಳಿಯುತ್ತದೆ.

ಶಿರಾ ತಾಲ್ಲೂಕಿನ ಕಗ್ಗಲಡು ನೋಡಿದ್ದೀರಾ? ದೂರದಿಂದ ಬರುವ ಬಣ್ಣದ ಕೊಕ್ಕರೆಗಳು ಕಾಡು ಬಿಟ್ಟು, ಕೆರೆ ಬಿಟ್ಟು, ಮನೆಗಳ ನಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಕೆಳಗೆ ಎತ್ತಿನ ಗಾಡಿ, ಮಕ್ಕಳ ಆಟ, ನಲ್ಲಿ ಜಗಳ. ಮೇಲೆ ಮರಿಗಳು. ಊರಿನವರು ಅವುಗಳನ್ನು ಕಾಯುತ್ತಾರೆ, ಅವು ಪ್ರತಿ ವರ್ಷ ಅಲ್ಲಿಗೇ ಬರುತ್ತವೆ. ನಾನು ಅದನ್ನು ನೋಡಿದ್ದು ತೋಟ ಬಿಟ್ಟು ಬಂದ ಮರು ವರ್ಷ. ತುಂಬಾ ಹೊತ್ತು ನಿಂತಿದ್ದೆ.

ಊರೊಳಗೆ ಕಷ್ಟ ಇಲ್ಲವಾ? ಇದೆ. ಜಾತ್ರೆ ಬಂತು ಅಂದರೆ ಮೂರು ದಿನ ಮೈಕು. ನಿಮ್ಮ ಮನೆಗೆ ಯಾರು ಬಂದರು, ಯಾಕೆ ಬಂದರು ಅಂತ ಊರಿಗೆಲ್ಲ ಗೊತ್ತಾಗುತ್ತದೆ. ಗೋಡೆ ಅರ್ಧ ಅಡಿ ಆಚೆ ಬಂತು ಅಂತ ಅಣ್ಣತಮ್ಮಂದಿರೇ ಮಾತು ಬಿಡುತ್ತಾರೆ. ಸಂಜೆಯಾದರೆ ಕುಡಿದು ಕೂಗಾಡುವವರು ಇರುತ್ತಾರೆ. ಎಲ್ಲಕ್ಕಿಂತ ದೊಡ್ಡದು ಜಾತಿ. ನಾನು ಹೇಳಿದ ಈ ಜಗಲಿ ಎಲ್ಲರಿಗೂ ಒಂದೇ ತರ ತೆರೆದಿಲ್ಲ. ನಮ್ಮ ಊರಲ್ಲೇ ಯಾರು ಜಗಲಿ ಮೇಲೆ ಕೂರುತ್ತಾರೆ, ಯಾರು ಕೆಳಗೆ ನಿಂತು ಮಾತಾಡುತ್ತಾರೆ ಅನ್ನುವುದನ್ನು ನೋಡಿದರೆ ನಾಚಿಕೆಯಾಗುತ್ತದೆ. ಹೊಸಬರಿಗೆ ಬಾಡಿಗೆ ಕೊಡುವಾಗ "ನಿಮ್ಮದು ಯಾವ ಜನ" ಅಂತ ನೇರವಾಗಿ ಕೇಳುತ್ತಾರೆ. ಈ ಪ್ರಶ್ನೆಯಿಂದ ನೋವು ತಿಂದವರಿಗೆ ಊರೊಳಗೆ ಹೋಗಿ ಅಂತ ಹೇಳೋಕೆ ನನಗೆ ಬಾಯಿ ಬರುವುದಿಲ್ಲ. ಅವರಿಗೆ ಪೇಟೆಯೇ ಮೇಲು.

ಮನೆ ಪತ್ರದ ವಿಷಯವೂ ತೊಡಕು. ಹಳೇ ಮನೆಗಳು ಅಜ್ಜನ ಹೆಸರಿನಲ್ಲೇ ಇರುತ್ತವೆ, ಹಕ್ಕುದಾರರು ಹತ್ತು ಜನ. ವಿಭಾಗ ಪತ್ರ ಆಗಿದೆಯಾ, ಪಂಚಾಯ್ತಿಯಲ್ಲಿ ಇ-ಸ್ವತ್ತು (ಕಂಪ್ಯೂಟರ್ ಖಾತೆ) ಆಗಿದೆಯಾ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಪೇಟೆ ಬಾಡಿಗೆ

ಗುಬ್ಬಿ, ತಿಪಟೂರು, ಚಿಂತಾಮಣಿ, ಮುಳಬಾಗಿಲು, ಮಾಲೂರು, ಗೌರಿಬಿದನೂರು. ಈ ಅಳತೆಯ ಊರುಗಳು. ಆಸ್ಪತ್ರೆ, ಸ್ಕೂಲು, ಬಸ್ಸು, ಕೆಲವು ಕಡೆ ರೈಲು ಹತ್ತಿರ. ನಾವು ಗುಬ್ಬಿಯಲ್ಲಿ ಇದ್ದ ಒಂದು ವರ್ಷ ಯಾವ ತೊಂದರೆಯೂ ಆಗಲಿಲ್ಲ. ಆದರೆ ಊರಿಗೆ ಬಂದೆವು ಅಂತಲೂ ಅನ್ನಿಸಲಿಲ್ಲ. ಯಜಮಾನರು ದಿನಾ ಬೈಕಿನಲ್ಲಿ ತೋಟಕ್ಕೆ ಹೋಗಿ ಬರುತ್ತಿದ್ದರು, ನಾನು ಅತ್ತೆ ಮೊದಲ ಮಹಡಿಯಲ್ಲಿ. ಬೆಂಗಳೂರನ್ನೇ ಸ್ವಲ್ಪ ಚಿಕ್ಕದು ಮಾಡಿದ ಹಾಗೆ.

ಡಯಾಲಿಸಿಸ್, ಹೃದಯದ ಕಾಯಿಲೆ ಇರುವವರು ಮನೆಯಲ್ಲಿದ್ದರೆ ಬೇರೆ ಯೋಚನೆಯೇ ಬೇಡ, ಪೇಟೆಯಲ್ಲೇ ಇರಿ. ಹೈಸ್ಕೂಲು, ಪಿಯುಸಿ ಮಕ್ಕಳಿದ್ದರೂ ಅಷ್ಟೇ. ಉಳಿದವರು ಪೇಟೆಯನ್ನು ಮೆಟ್ಟಿಲು ಅಂತ ತಿಳಿಯಿರಿ. ಒಂದು ವರ್ಷ ಅಲ್ಲಿದ್ದು ಸುತ್ತಲಿನ ಹಳ್ಳಿಗಳನ್ನು ನೋಡಿ.

ಗುಂಟೆ ಲೆಕ್ಕದ ಫಾರ್ಮ್ ಪ್ಲಾಟು

ಹೆದ್ದಾರಿ ಬದಿಯ ಬೋರ್ಡುಗಳಲ್ಲಿ ಕಾಣುವ ನಾಲ್ಕನೆಯ ದಾರಿ ಇದು. ಹತ್ತು ಗುಂಟೆ, ಸುತ್ತ ಬೇಲಿ, ಗೇಟು, ಅವರೇ ನೆಟ್ಟುಕೊಡುವ ಗಿಡ. ನನಗೆ ಮನಸ್ಸಿಲ್ಲ. ಅಕ್ಕಪಕ್ಕದವರೆಲ್ಲ ವಾರದ ಕೊನೆಗೆ ಬಂದು ಹೋಗುವವರು, ಸೋಮವಾರ ಅಲ್ಲಿ ವಾಚ್‌ಮನ್ ಬಿಟ್ಟರೆ ಯಾರೂ ಇರುವುದಿಲ್ಲ. ತೋಟದ ಮನೆಯ ಒಂಟಿತನ ಇದೆ, ತೋಟದ ಕೆಲಸ ಇಲ್ಲ.

ತಗೊಳ್ಳಲೇಬೇಕು ಅನ್ನುವವರು, ಹಾಗೇ ಯಾವುದೇ ಜಮೀನು ಕೊಳ್ಳುವವರು, ಇಷ್ಟು ನೋಡಿ. 2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದವು, ಹಾಗಾಗಿ ರೈತ ಕುಟುಂಬದವರಲ್ಲದವರೂ ಈಗ ಕೃಷಿ ಭೂಮಿ ಕೊಳ್ಳಬಹುದು. ಆದರೆ ಕೊಳ್ಳಬಹುದು ಅಂದ ಮಾತ್ರಕ್ಕೆ ಸಿಕ್ಕಿದ್ದೆಲ್ಲ ಒಳ್ಳೆಯ ಜಮೀನಲ್ಲ. ಪಹಣಿ, ಮ್ಯುಟೇಶನ್, ಋಣಭಾರ ಪತ್ರ ಎಲ್ಲರೂ ನೋಡುತ್ತಾರೆ. ಪೋಡಿ, ಅಂದರೆ ಅಳತೆ ಮಾಡಿ ಜಮೀನನ್ನು ಬೇರೆ ಬೇರೆ ಮಾಡುವುದು, ಆಗಿದೆಯಾ, ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಡುತ್ತಿದ್ದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಇದೆಯಾ, ದಾರಿ ಕಾಗದದಲ್ಲಿ ಇದೆಯಾ ಅಥವಾ ಬಾಯಿ ಮಾತಿನಲ್ಲಿ ಮಾತ್ರ ಇದೆಯಾ, ಇದನ್ನು ಕೇಳುವವರು ಕಡಿಮೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ. ಅಗ್ಗಕ್ಕೆ ಸಿಗುತ್ತದೆ ಅಂತ ಅದಕ್ಕೆ ಕೈಹಾಕಬೇಡಿ. ಕಾನೂನಿನ ಮಾತು ಒಂದು ಕಡೆ ಇರಲಿ, ಅದು ಇನ್ನೊಂದು ಮನೆಯ ಅನ್ನ.

ಕೈಗೆ ಕೆಲಸ ಎಷ್ಟು ಬೇಕು

ಸುಮ್ನೆ ಇರೋಕೆ ಅಂತ ಬಂದವರು ಆರೇ ತಿಂಗಳಲ್ಲಿ ಬೇಜಾರು ಅನ್ನುತ್ತಾರೆ. ಮನೆ ಯಾವುದೇ ಇರಲಿ, ದಿನಕ್ಕೆ ಎರಡು ಗಂಟೆಯಾದರೂ ತಪ್ಪಿಸೋಕಾಗದ ಕೆಲಸ ಒಂದು ಬೇಕು. ಆದರೆ ಎಲ್ಲ ಕೆಲಸವೂ ಎಲ್ಲರಿಗೂ ಹೊಂದುವುದಿಲ್ಲ.

ಹಸು ಕಟ್ಟಿದರೆ ದಿನಕ್ಕೆ ಎರಡು ಹೊತ್ತು ಹಾಲು, ಡೈರಿ. ಕೈಗೆ ಹದಿನೈದು ದಿನಕ್ಕೊಮ್ಮೆ ದುಡ್ಡು ಬರುತ್ತದೆ. ಆದರೆ ಮದುವೆಗೆ ಹೋದರೂ ಸಂಜೆಗೆ ವಾಪಸ್ ಬರಲೇಬೇಕು. ತರಕಾರಿ ಮನುಷ್ಯನನ್ನು ಮಾರುಕಟ್ಟೆ ಬೆಲೆಗೆ ಕಟ್ಟಿಹಾಕುತ್ತದೆ. ನೆಮ್ಮದಿಗೆ ಅಂತ ಬಂದವರು ಟೊಮೆಟೊಗೆ ಕೈಹಾಕಿ ನಿದ್ದೆ ಕಳೆದುಕೊಂಡದ್ದನ್ನು ನೋಡಿದ್ದೇನೆ. ರಾಗಿ ಬೇರೆ. ಮಳೆ ಬಿದ್ದಾಗ ಬಿತ್ತಿ, ಕಳೆ ತೆಗೆದು, ಕೊಯ್ದು ಮನೆಗೆ ತಂದರೆ ಆ ವರ್ಷದ ಮುದ್ದೆ ಮನೆಯಲ್ಲಿದೆ ಅನ್ನುವ ಸಮಾಧಾನ.

ನನಗೆ ಹೆಚ್ಚು ಇಷ್ಟ ಕೊಬ್ಬರಿ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಚಿಪ್ಪು ಬಿಡುತ್ತದೆ. ಕೈಗೆ ತೆಗೆದುಕೊಂಡು ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ಆ ಸದ್ದು ಬರುವವರೆಗೆ ಯಾರು ಏನು ಅವಸರ ಮಾಡಿದರೂ ಉಂಡೆ ಕೊಬ್ಬರಿ ಆಗುವುದಿಲ್ಲ. ಬೆಲೆ ಮಾತ್ರ ನಂಬುವ ಹಾಗಿಲ್ಲ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದು ಬೆಳೆಗಾರರು ಬೀದಿಗೆ ಇಳಿದರು. 2025ರಲ್ಲಿ ಕ್ವಿಂಟಲ್‌ಗೆ 20,000 ರೂಪಾಯಿ ದಾಟಿತು. ಅದಕ್ಕೇ ಹೇಳುವುದು, ಮೊದಲ ಮೂರು ವರ್ಷ ನೆಲದಿಂದ ಒಂದು ರೂಪಾಯಿಯೂ ಬರುವುದಿಲ್ಲ ಅಂತಲೇ ತಿಳಿದು ಮನೆ ಖರ್ಚಿಗೆ ದುಡ್ಡು ಎತ್ತಿಟ್ಟುಕೊಂಡು ಬನ್ನಿ. ಸಾಲ ಮಾಡಿ ನೆಮ್ಮದಿ ಕೊಳ್ಳೋಕಾಗಲ್ಲ.

ನಾವು ಕಟ್ಟಿದ ತೋಟದ ಮನೆ ಈಗ ಕಾಯಿ ಹಾಕುವ ಅಟ್ಟವಾಗಿದೆ. ಯಜಮಾನರು ಮಧ್ಯಾಹ್ನ ಅಲ್ಲೇ ಉಂಡು ಒಂದು ಗಳಿಗೆ ಮಲಗುತ್ತಾರೆ. ಸಂಜೆ ಊರಿಗೆ ಬರುತ್ತಾರೆ. ಹಗಲು ತೋಟ, ರಾತ್ರಿ ಊರು. ಹಿಂದಿನವರೆಲ್ಲ ಹೀಗೇ ಇದ್ದರು, ನಾವು ಮೂರು ವರ್ಷ ಸುತ್ತಿ ಅಲ್ಲಿಗೇ ಬಂದೆವು. ನಿಮ್ಮ ಹತ್ತಿರ ಜಮೀನಿಗೆ ಎಷ್ಟು ದುಡ್ಡಿದೆಯೋ ಅದರಲ್ಲಿ ಒಂದು ಪಾಲನ್ನು ಊರೊಳಗೆ ಬಾಡಿಗೆಗೋ ರಿಪೇರಿಗೋ ತೆಗೆದಿಡಿ. ಎರಡೆಕರೆ ಬದಲು ಒಂದೂವರೆ ಆದರೂ ಪರವಾಗಿಲ್ಲ.

ಜಾಗ ನೋಡೋಕೆ ಬರುವುದಾದರೆ ಏಪ್ರಿಲ್‌ನಲ್ಲಿ ಬನ್ನಿ. ನವೆಂಬರ್‌ನಲ್ಲಿ ಎಲ್ಲ ಕೆರೆಯೂ ಚೆಂದ, ಎಲ್ಲ ಊರೂ ಹಸಿರು. ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಬಂದು ನಲ್ಲಿಯಲ್ಲಿ ನೀರು ಬರುತ್ತಿದೆಯಾ ನೋಡಿ. ಆ ಬಿಸಿಲಿನಲ್ಲಿ ಊರಿನ ಜನ ಎಲ್ಲಿ ಕೂತಿದ್ದಾರೆ ನೋಡಿ. ಅರಳಿಕಟ್ಟೆ ಮೇಲೆ ಇದ್ದಾರಾ, ಜಗಲಿ ಮೇಲೆ ಇದ್ದಾರಾ, ಅಥವಾ ಎಲ್ಲ ಬಾಗಿಲೂ ಮುಚ್ಚಿವೆಯಾ. ಯಾರಾದರೂ "ಯಾರ ಮನೆಗೆ ಬಂದಿರಿ? ನೀರು ಕುಡೀತೀರಾ?" ಅಂತ ಕೇಳಿದರೆ ಕೂತು ಕುಡಿಯಿರಿ. ಬೋರಿನ ವಿಷಯ ಅಲ್ಲಿಂದಲೇ ಶುರು ಮಾಡಬಹುದು.